ಎರಡು ಕಿಮೋನೊ, ಒಂದು ಕುರ್ಚಿ

ಅಕ್ಟೋಬರ್ 3, 1998. ಶನಿವಾರ

ಹೊಸ ಸೀರೆ ಉಟ್ಟುಕೊಂಡು ಹೋದದ್ದು ದಂಡ.

ಗುರುವಾರ ಕಂಪನಿ ಬಸ್ಸು ಹತ್ತುವಾಗ ನಮ್ಮ ಆಡಳಿತ ಮ್ಯಾನೇಜರ್ ಜುವಾಕಿಂ ಸರ್, "ಶನಿವಾರ ನನ್ನ ಕ್ಯಾಬಿನಿಗೆ ಬನ್ನಿ, ಬ್ರೋಶರ್ ವಿಷಯ ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದಿದ್ದರು. ನಮ್ಮ ಜಪಾನೀ ಟಯರ್ ಕಂಪನಿ ದುಬೈಗೆ ಬಂದು ಇಪ್ಪತ್ತು ವರ್ಷವಾಯಿತೆಂದು ಮಿರಮಿರ ಮಿಂಚುವ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿದ್ದಾರೆ. ಪ್ರತಿ ವಿಭಾಗದ ಮುಖ್ಯಸ್ಥರ ಬಣ್ಣದ ಫೋಟೋ, ಕೆಳಗೆ ಹೆಸರು. ನಮ್ಮ ಡಾಕ್ಯುಮೆಂಟೇಶನ್ ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ಮುನಿಸ್ವಾಮಿ ಸರ್ ಮೇ ತಿಂಗಳಲ್ಲಿ ನಿವೃತ್ತರಾಗಿ ಕೆ.ಜಿ.ಎಫ್.ಗೆ ಹೋದರು. ಅವತ್ತಿನಿಂದ ಅವರ ಕುರ್ಚಿ ಖಾಲಿ, ಕೆಲಸ ನನ್ನ ತಲೆಯ ಮೇಲೆ. ಜಪಾನಿನಿಂದ ಜೆಬೆಲ್ ಅಲಿ ಬಂದರಿಗೆ ಬಂದಿಳಿದು ಮಸ್ಕತ್ತು, ಬಹರೇನ್ ಎಂದು ಹೊರಡುವ ಒಂದೊಂದು ಟಯರಿನ ಕಾಗದವೂ ನನ್ನ ಮೇಜು ದಾಟಿಯೇ ಹೋಗಬೇಕು. ಅಂದಮೇಲೆ ಆ ಕುರ್ಚಿ ನನ್ನದು ತಾನೇ? ಅದನ್ನು ಹೇಳುವುದಕ್ಕೇ ಕರೆದಿದ್ದಾರೆ ಎಂದುಕೊಂಡು ಹಸಿರು ಮೈಸೂರು ರೇಷ್ಮೆ ಉಟ್ಟು ಹೋದೆ.

"ಚಾಮಿ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು ಮಾರಾಯ್ರೆ" ಎಂದರು. "ಬ್ರೋಶರಿನಲ್ಲಿ ಜಪಾನಿನವರ ಕಿಮೋನೊ ಹಾಕಿದ ಒಬ್ರು ಲೇಡಿ ಬೇಕಂತೆ, ಗೆಸ್ಟಿಗೆ ಟೀ ಕೊಡುವ ಹಾಗೆ. ಎಂ.ಡಿ.ಯ ಮಿಸೆಸ್ ಊರಿಗೆ, ಜಪಾನಿಗೆ ಹೋಗಿದ್ದಾರೆ. ನೀವು ಬೆಳ್ಳಗಿದ್ದೀರಿ, ಗಿಡ್ಡ ಇದ್ದೀರಿ. ಕಣ್ಣು ಸ್ವಲ್ಪ ಸಣ್ಣ ಮಾಡಿದ್ರೆ ಆಯ್ತು."

ಕಣ್ಣು ಸಣ್ಣ ಮಾಡಬೇಕಂತೆ!

"ಮತ್ತೆ ನಮ್ಮ ವಿಭಾಗದ ಪೇಜು, ಸರ್?" ಎಂದು ಕೇಳಿದೆ. "ಅದು ಮತ್ತೆ ನೋಡುವ" ಎಂದರು. ಕಿಮೋನೊ ಎಲ್ಲಿಂದಾದರೂ ಬಾಡಿಗೆಗೆ ತರುವ ಕೆಲಸವೂ ನನ್ನದೇ. ಬಟ್ಟೆಯ ವಿಷಯ ಹೆಂಗಸರಿಗೆ ಗೊತ್ತಂತೆ. ಟಯರಿನ ವಿಷಯ ಚೆನ್ನಾಗಿ ಗೊತ್ತು ಎಂದು ಈ ಮನುಷ್ಯ ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದುಂಟೇ? ಚಾಮುಂಡೇಶ್ವರಿ ಎಂದರೆ ಜಪಾನಿನವರ ನಾಲಿಗೆ ತಿರುಗುವುದಿಲ್ಲ, ಚಾಮಿ ಎನ್ನುತ್ತಾರೆ, ಒಪ್ಪಿದೆ. ಈ ಮಂಗಳೂರಿನವನಿಗೇನು ಧಾಡಿ?

"ಆಯ್ತು ಸರ್" ಎಂದು ತಲೆಯಾಡಿಸಿ ಬಂದೆ. ಬರುವಾಗ ಕರಾಮಾದ ಸಿಗ್ನಲ್ಲಿನಲ್ಲಿ ಬಸ್ಸು ತಡ ಮಾಡಿದನೆಂದು ಡ್ರೈವರನಿಗೆ ಚೆನ್ನಾಗಿ ಬೈದೆ.

ಅಕ್ಟೋಬರ್ 5, ಸೋಮವಾರ

ರಘು ನಕ್ಕರು. ಊಟಕ್ಕೆ ಕೂತಾಗ ಕಿಮೋನೊ ವಿಷಯ ಹೇಳಿದರೆ, ತಟ್ಟೆಯ ಮುಂದೆ ಕೂತು ಹೊಟ್ಟೆ ಕುಣಿಸಿಕೊಂಡು ನಕ್ಕರು.

"ಹೋಗ್ಲಿ ಬಿಡೇ, ಒಂದು ದಿನ ತಾನೇ. ಹಾಕ್ಕೊಂಡು ನಿಂತ್ಕೋ. ನಿನಗೂ ಒಂದು ಚೇಂಜು."

"ಕತ್ತಿನಲ್ಲಿ ಏನೂ ಇರಬಾರದಂತೆ. ತಾಳಿ ತೆಗೀಬೇಕಂತೆ" ಎಂದೆ.

"ತೆಗೆದಿಡೇ. ಒಂದು ಗಂಟೆ ತಾನೇ."

ಅಷ್ಟೇ. ಸಾರು ಬಡಿಸಿಕೊಂಡರು. ದೇರಾದ ಸಗಟು ಅಂಗಡಿಯಲ್ಲಿ ಲೆಕ್ಕ ಬರೆದು ಬರೆದು ಇವರಿಗೆ ಎಲ್ಲವೂ ಕೂಡಿ ಕಳೆಯುವ ಬಾಬತ್ತೇ ಆಗಿದೆ. ಬೇಡ ಎನ್ನಬಾರದಿತ್ತೇ? ಯಾರೋ ಹೇಳಿದರೆಂದು ನನ್ನ ಹೆಂಡತಿ ಯಾಕೆ ತೆಗೆಯಬೇಕು ಎಂದು ಒಂದು ಸಲ ಮುಖ ಕೆಂಪಗೆ ಮಾಡಬಾರದಿತ್ತೇ? ಹಾಗೆ ಹೇಳಿದ್ದಿದ್ದರೆ, ನನ್ನ ಕತ್ತು, ನನ್ನ ಇಷ್ಟ, ನೀವ್ಯಾರು ಕೇಳುವುದಕ್ಕೆ ಎಂದು ಅವರ ಮೇಲೆ ಹಾರಾಡುತ್ತಿದ್ದೆ, ಅದು ಬೇರೆ ಮಾತು.

ಬಿಂದು ಟೀವಿಯಿಂದ ತಲೆ ತಿರುಗಿಸದೆಯೇ, "ಅಮ್ಮ, ಇಟ್ಸ್ ಜಸ್ಟ್ ಎ ಡ್ರೆಸ್" ಎಂದಳು. ಹದಿಮೂರು ವರ್ಷಕ್ಕೇ ಇಷ್ಟು ಬುದ್ಧಿ. ಅವಳಿಗೂ ಬೈದೆ. ಪಲ್ಯ ತಳ ಹಿಡಿಯಿತು.

ಅಕ್ಟೋಬರ್ 9, ಶುಕ್ರವಾರ

ಬರ್ ದುಬೈಯಲ್ಲಿ ದೇವಸ್ಥಾನದ ಗಲ್ಲಿಯಿಂದ ಹಿಂದಕ್ಕೆ ಹೋದರೆ ಬಟ್ಟೆ ಅಂಗಡಿಗಳ ಸಾಲು. ಅದರಲ್ಲೊಂದರ ಮಹಡಿಯ ಮೇಲೆ ಶಮೀಮಾ ಎಂಬ ಭಟ್ಕಳದ ಹೆಂಗಸು ಸ್ಟುಡಿಯೋದವರಿಗೆ, ಶಾಲೆಯವರಿಗೆ ವೇಷದ ಬಟ್ಟೆ ಬಾಡಿಗೆಗೆ ಕೊಡುತ್ತಾಳೆ. ಹುಡುಕಿಕೊಂಡು ಹೋದೆ. ಮೆಟ್ಟಿಲು ಕಡಿದು, ಒಳಗೆ ಎ.ಸಿ. ಕೆಟ್ಟಿದೆ, ಎಲ್ಲಿ ನೋಡಿದರೂ ಜರಿ ಪೇಟ, ರಾಜಕುಮಾರಿಯ ಗೌನು, ಹುಲಿಯ ಮುಖವಾಡ. ಆಕೆ ಮಾತ್ರ ನಡುವೆ ನಿರಾಳವಾಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

ಒಂದು ಟ್ರಂಕು ತೆರೆದು ಎರಡು ಕಿಮೋನೊ ತೆಗೆದಳು. ಊರು ಬಿಟ್ಟು ಹೋಗುವಾಗ ಯಾವುದೋ ಜಪಾನೀ ಮನೆಯವರು ಸಾಮಾನಿನ ಜೊತೆ ಮಾರಿದ್ದಂತೆ. ಒಂದು ಕೆಂಪು: ಮೈತುಂಬ ಹೂವು, ತೋಳು ಎಂದರೆ ತೋಳಲ್ಲ, ಕೈಯಿಂದ ಕಣಕಾಲಿನವರೆಗೆ ಇಳಿಬೀಳುವ ಎರಡು ಚೀಲ. ಇನ್ನೊಂದು ಅಪ್ಪಟ ಕಪ್ಪು. ಕೆಳಗೆ ಅಂಚಿನಲ್ಲಿ ಮಾತ್ರ ಚಿನ್ನದ ಬಣ್ಣದ ಕೊಕ್ಕರೆಗಳು.

"ಇದು ತಕಳಿ ಅಕ್ಕ, ಕಪ್ಪು" ಎಂದಳು. "ನಿಮ್ ವಯಸ್ಸಿಗೆ ಇದು ಸರಿ ಕಾಣ್ತದೆ."

ನನ್ನ ವಯಸ್ಸು! "ನೋಡಮ್ಮಾ, ನಾವು ಶುಭಕ್ಕೆ ಕಪ್ಪು ಹಾಕಲ್ಲ. ಕಪ್ಪು ಹಾಕ್ಕೊಂಡು ನಿಂತು, ಮೇಲಿಂದ ತಾಳಿ ಬೇರೆ ತೆಗೆದಿಟ್ಟು? ಏನಂತ ತಿಳ್ಕೊಂಡಿದೀಯ ನನ್ನ?" ಎಂದು ಏರಿದ ದನಿಯಲ್ಲಿ ಹೇಳಿದೆ.

"ನಮ್ಗೆ ಕಪ್ಪಂದ್ರೆ ಮರ್ಯಾದಿ. ದಿನಾ ಅದನ್ನೇ ಹಾಕಿ ತಿರಗ್ತೇವಲ್ಲ" ಎಂದು ತನ್ನ ಬುರ್ಖಾ ತೋರಿಸಿ ನಕ್ಕಳು. "ಬೇಡದಿದ್ರೆ ಬಿಡಿ, ಬೈಯೋದೆಂತಕ್ಕೆ?"

ಕೆಂಪೇ ಬೇಕೆಂದು ಹಟ ಹಿಡಿದು ಗೊತ್ತು ಮಾಡಿ ಬಂದೆ. ಕೆಂಪಿಗಿಂತ ಮಂಗಳಕರ ಯಾವುದಿದೆ? ಜಪಾನಾದರೇನು, ಜಗತ್ತಾದರೇನು. ಉಡಿಸುವುದಕ್ಕೆ ಗುರುವಾರ ಆಕೆಯೇ ಬರುತ್ತಾಳಂತೆ. ತಲೆಹರಟೆ ಹೆಂಗಸು.

ಅಕ್ಟೋಬರ್ 15, ಗುರುವಾರ

ಇವತ್ತಿನದನ್ನು ಬರೆಯಲೇಬಾರದು ಎಂದುಕೊಂಡಿದ್ದೆ. ಆದರೂ ಬರೆದೇ ತೀರುತ್ತೇನೆ.

ಶಮೀಮಾ ಬೆಳಿಗ್ಗೆಯೇ ಬಂದು ಸ್ಟೋರ್ ರೂಮಿನಲ್ಲಿ ನನ್ನನ್ನು ಬಿಗಿದಳು. ಪದರದ ಮೇಲೆ ಪದರ, ಹಗ್ಗದ ಮೇಲೆ ಹಗ್ಗ, ಅದರ ಮೇಲೆ ಹಲಗೆಯಂಥ ನಡುಪಟ್ಟಿ. ಉಸಿರು ಅರ್ಧಕ್ಕೇ ನಿಂತಿತು. ಬಳೆ ಬಿಚ್ಚಿದೆ, ಕುಂಕುಮ ಒರೆಸಿದೆ. ತಾಳಿಗೆ ಕೈ ಹಾಕಿದಾಗ ಶಮೀಮಾ ಮುಖ ಆಚೆ ತಿರುಗಿಸಿ, ನಾನು ತೆಗೆಯುವವರೆಗೂ ಗೋಡೆಯನ್ನೇ ನೋಡುತ್ತ ನಿಂತಳು. ಯಾಕೆ ಹಾಗೆ ಮಾಡಿದಳೋ. ಕಾಲುಂಗುರ ಮಾತ್ರ ಬೆರಳು ಸೀಳಿದ ಬಿಳಿ ಕಾಲುಚೀಲದೊಳಗೆ ಉಳಿಯಿತು. ಅದನ್ನು ತೆಗೆಯಲು ಯಾರಪ್ಪನಿಂದಲೂ ಆಗುವುದಿಲ್ಲ.

ಗೇಣು ಗೇಣು ಹೆಜ್ಜೆಯಿಟ್ಟುಕೊಂಡು ನಮ್ಮ ವಿಭಾಗಕ್ಕೆ ಬಂದೆ. ದೀಪಗಳು, ಬಿಳಿ ಕೊಡೆಗಳು, ಲೆಬನಾನಿನ ಫೋಟೋಗ್ರಾಫರ್. ಮುನಿಸ್ವಾಮಿ ಸರ್ ಕುರ್ಚಿಯಲ್ಲಿ ಯುಜಿನ್ ಕೂತಿದ್ದಾನೆ.

ಯುಜಿನ್ ಎಂದರೆ ಜುವಾಕಿಂ ಸರ್ ಅಕ್ಕನ ಮಗ. ಎರಡು ತಿಂಗಳ ಹಿಂದೆ ಬಂದವನು. ಯಾವ ಕಾಗದ ಯಾವ ಫೈಲಿಗೆ ಎಂದು ಇನ್ನೂ ನನ್ನನ್ನು ಕೇಳಿಯೇ ಹಾಕುವವನು. ಹೊಸ ಕೋಟು, ಹೊಸ ಟೈ. ಮೇಜಿನ ಮೇಲೆ ನನ್ನ ಫೈಲುಗಳು, ನಾನು ಲೇಬಲ್ ಬರೆದವು, ನೋಡುವವರಿಗೆ ಚಂದ ಕಾಣಲೆಂದು ಅವನ ಮುಂದೆ ಪೇರಿಸಿದ್ದಾರೆ.

"ಇವ್ನು ಯಾಕೆ ಇಲ್ಲಿ ಕೂತಿದಾನೆ ಸರ್?" ಎಂದೆ.

"ಡಾಕ್ಯುಮೆಂಟೇಶನ್ ಪೇಜಿಗೆ. ಅದನ್ನು ಮತ್ತೆ ಮಾತಾಡುವ ಚಾಮಿ, ಫೋಟೋಗ್ರಾಫರಿಗೆ ಲೇಟಾಗ್ತದೆ. ನೀವು ಅವನ ಬಲಕ್ಕೆ ನಿಂತು ಟೀ ಕೊಡಿ."

ಅವನಿಗೆ ಟೀ. ನನ್ನ ಮೇಜಿನಲ್ಲಿ, ನನ್ನ ಫೈಲಿನ ಮುಂದೆ, ನಾನು ಬಾಗಿ ಅವನಿಗೆ ಟೀ ಕೊಡಬೇಕು.

ಟ್ರೇ ಎತ್ತಿ ಅವರ ತಲೆಯ ಮೇಲೆ ಕುಕ್ಕಬೇಕಿತ್ತು. ತಿರುಗಿ ಹೊರಟುಹೋಗೋಣ ಎಂದರೆ ಆ ಬಟ್ಟೆಯಲ್ಲಿ ಸಿಟ್ಟಿನಿಂದ ನಡೆಯುವುದಕ್ಕೂ ಬರುವುದಿಲ್ಲ. ಯುಜಿನ್ ನನ್ನ ಮುಖ ನೋಡದೆ ಮೇಜನ್ನೇ ನೋಡುತ್ತಿದ್ದ. ಫೋಟೋಗ್ರಾಫರ್ "ಯಲ್ಲಾ ಮೇಡಂ, ಸ್ಮೈಲ್" ಎಂದ.

ನಾನು ನಕ್ಕೆ.

ಅದೇ ತಡೆಯಲಾಗುತ್ತಿಲ್ಲ. ಅವರು ಕೂರಿಸಿದ್ದಲ್ಲ, ಇವನು ಕೂತದ್ದಲ್ಲ. ನಕ್ಕೆನಲ್ಲ ನಾನು, ಹಲ್ಲು ಕಾಣುವ ಹಾಗೆ! ಬಾಗುವಾಗ ಆ ಹಾಳು ತೋಳಿನ ತುದಿ ಬಟ್ಟಲಿನೊಳಗೆ ಇಳಿದು ಟೀ ಕುಡಿಯಿತು. "ನೋಡಿ ಮಾಡ್ಬಾರ್ದಾ ಮಾರಾಯ್ರೆ, ಅದು ಈಗ ನಿಮ್ಮ ಜವಾಬ್ದಾರಿ" ಎಂದರು ಜುವಾಕಿಂ.

ಅಕ್ಟೋಬರ್ 16, ಶುಕ್ರವಾರ

ಥೂ.

ಅಕ್ಟೋಬರ್ 18, ಭಾನುವಾರ

ಸಂಜೆ ಕಿಮೋನೊ ವಾಪಸು ಕೊಡಲು ಹೋದೆ. ಕಲೆ ನೋಡಿದವಳೇ ಶಮೀಮಾ ಎದೆ ಬಡಿದುಕೊಂಡಳು. "ಮಕ್ಕಳ ಹಾಗೆ ಇಟ್ಕೊಂಡಿದ್ನಲ್ಲ ಅಕ್ಕ! ಟೀ ಕೊಡ್ಲಿಕ್ಕೂ ಬರೂದಿಲ್ವಾ ನಿಮ್ಗೆ?" ಎಂದು ಕೂಗಾಡಿದಳು. ನಾನೂ ಬಿಡಲಿಲ್ಲ. "ಟೀ ಕೊಡೋ ಕೆಲಸ ನಂದಲ್ಲ, ತಿಳ್ಕೋ!" ಎಂದೆ. ಕೆಳಗಿನ ಅಂಗಡಿಯ ಸಿಂಧಿ ಮೆಟ್ಟಿಲ ತನಕ ಬಂದು ಇಣುಕಿ ಹೋದ.

"ಮತ್ತೆ ಯಾರ ಕೆಲಸ?" ಎಂದು ಕೇಳಿದಳು.

ಹೇಳಿಬಿಟ್ಟೆ. ಕುರ್ಚಿ, ಯುಜಿನ್, ನಗು, ಎಲ್ಲ. ಅವಳು ತಣ್ಣೀರಿನ ಬಟ್ಟಲು ಇಟ್ಟುಕೊಂಡು ಬಿಳಿ ಬಟ್ಟೆಯಿಂದ ತೋಳಿನ ತುದಿಯನ್ನು ಒತ್ತಿ ಒತ್ತಿ ತೆಗೆಯುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದುಕೊಂಡಿದ್ದೆ. ಪೂರ್ತಿ ಹೋಗಲಿಲ್ಲ, ಮಸುಕಾಯಿತು. "ಹೂವಿನ ನೆರಳು ಅಂತೇಳಿ ದಾಟಿಸ್ತೆ" ಎಂದಳು. ಆಮೇಲೆ ಹಾಲಿಲ್ಲದ ಟೀ ಕೊಟ್ಟಳು.

"ಅವ್ನ ಮುಖಕ್ಕೇ ಹೇಳ್ಬೇಕಿತ್ತು ನೀವು. ನನ್ನ ಹತ್ರ ಎಷ್ಟು ಚಂದ ಬೈತೀರಿ, ಅಲ್ಲಿ ಎಂತಾಗ್ತದೆ ನಿಮ್ಗೆ?" ಎಂದು ಕೇಳಿದಳು.

ಇವಳಿಗೇಕೆ ಊರ ಉಸಾಬರಿ. ಇನ್ನು ಆ ಮೆಟ್ಟಿಲು ಹತ್ತುವ ಕೆಲಸ ಮುಗಿಯಿತು. ನಾಳೆ ದೀಪಾವಳಿ. ಎಣ್ಣೆ ತರಲು ರಘುಗೆ ಹೇಳಿದ್ದೆ, ಮರೆತಿದ್ದಾರೆ. ಮೂರು ಮನೆಗೆ ಕೇಳುವ ಹಾಗೆ ಕೂಗಿದೆ.

ನವೆಂಬರ್ 1, ಭಾನುವಾರ

ಎಂ.ಡಿ.ಯ ಹೆಂಡತಿ ಮಿಸೆಸ್ ಮೊರಿಟಾ ಊರಿನಿಂದ ಬಂದಿದ್ದಾರೆ. ಆಫೀಸಿಗೆ ಬಂದು ನನ್ನ ಫೋಟೋ ನೋಡಿದರಂತೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರಂತೆ. ಯಾಕೆಂದರೆ ಆ ಉದ್ದ ತೋಳಿನ ಕೆಂಪು ಕಿಮೋನೊ ಮದುವೆಯಾಗದ ಹುಡುಗಿಯರು ಹಾಕುವಂಥದ್ದು. ನಲವತ್ತು ದಾಟಿದವಳು, ಮಗಳ ತಾಯಿ, ಅದನ್ನು ಹಾಕಿ ಹಲ್ಲು ಕಿರಿದು ನಿಂತರೆ ನಮ್ಮವರು ಏನನ್ನುತ್ತಾರೋ ಅಲ್ಲಿಯವರೂ ಅದನ್ನೇ ಅನ್ನುತ್ತಾರಂತೆ. ಗೃಹಿಣಿಯರು ಮಂಗಳಕಾರ್ಯಕ್ಕೆ ಹಾಕುವುದು ಕಪ್ಪನ್ನಂತೆ! ಅಂಚಿನಲ್ಲಿ ಚಿತ್ರವಿರುವ ಕಪ್ಪು. ಮಕ್ಕಳ ಮದುವೆಯ ದಿನ ಹೆತ್ತತಾಯಿ ಉಡುವುದು ಅದನ್ನೇ ಅಂತೆ.

ಕಪ್ಪು ಮುಟ್ಟುವುದಿಲ್ಲ ಎಂದು ಹಾರಾಡಿದ್ದು ನಾನೇ. ಅದಕ್ಕೂ ಸಿಟ್ಟು ಬರುತ್ತಿದೆ. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ.

ಜುವಾಕಿಂ ಕರೆಸಿದರು. "ನಿಮ್ಮ ಸೆಲೆಕ್ಷನ್ನಿಂದ ಎಂ.ಡಿ.ಯ ಮುಂದೆ ನನ್ನ ಮರ್ಯಾದೆ ಹೋಯ್ತು" ಎಂದರು. ಗುರುವಾರ ಮತ್ತೆ ಫೋಟೋ ತೆಗೆಯಬೇಕಂತೆ, ಕಪ್ಪಿನಲ್ಲಿ.

ಈ ಸಲ ಬಾಯಿ ಬಿಟ್ಟೆ. "ಯುಜಿನ್‌ಗೆ ಟೀ ಕೊಡಲ್ಲ ಸರ್. ರಿಸೆಪ್ಷನ್ನಿನಲ್ಲಿ ನಿಲ್ತೀನಿ. ಕೆಳಗೆ ನನ್ನ ಹೆಸರು, ನನ್ನ ವಿಭಾಗ ಬರಬೇಕು. ಇಲ್ಲದಿದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ."

"ಖಂಡಿತಾ! ನಾನೇ ನಿಂತು ಹಾಕಿಸ್ತೇನೆ. ಯುಜಿನ್ ವಿಷಯ ಫೈನಲ್ ಅಂತ ಯಾರು ಹೇಳಿದ್ದು ನಿಮ್ಗೆ? ಅದು ಬರೀ ಫೋಟೋಕ್ಕೆ" ಎಂದರು.

ಬರೀ ಫೋಟೋಕ್ಕೆ. ನೋಡೋಣ.

ಸಂಜೆ ಬರ್ ದುಬೈಗೆ ಹೋಗಬೇಕಾಗಿ ಬಂತು. ನನ್ನ ಮುಖ ಕಂಡದ್ದೇ ಶಮೀಮಾ ಟ್ರಂಕಿಗೆ ಒರಗಿ ನಕ್ಕಿದ್ದೇ ನಕ್ಕಿದ್ದು. "ಅಲ್ಲಾ ಅಕ್ಕ, ನಾನು ಸುಮ್ನೆ ನಮ್ ಬಣ್ಣ ಅಂತ ಹೇಳಿದ್ದೆ! ನಂಗೆಂತ ಗೊತ್ತು ಅವ್ರ ಶಾಸ್ತ್ರ!" ಎಂದಳು. ನನಗೂ ನಗು ಬಂತು, ತಡೆದುಕೊಂಡೆ.

ನವೆಂಬರ್ 5, ಗುರುವಾರ

ಮಿಸೆಸ್ ಮೊರಿಟಾ ತಾವೇ ಬಂದು ಉಡಿಸಿದರು. ಶಮೀಮಾ ಪಕ್ಕದಲ್ಲಿ ನಿಂತು ಹಗ್ಗ ಕೊಡುತ್ತಿದ್ದಳು. ಮೂವರು ಹೆಂಗಸರು, ಮೂರು ಭಾಷೆ, ಹರಕು ಇಂಗ್ಲಿಷು. ಈ ಸಲ ಉಸಿರಾಡಲು ಬಂತು. ಬಿಗಿಯುವಲ್ಲಿ ಬಿಗಿದು, ಬಿಡುವಲ್ಲಿ ಬಿಟ್ಟು, ಸೆರಗು ಸರಿಮಾಡುವ ಹಾಗೆ ಕತ್ತಿನ ಹಿಂದೆ ಒಂದು ಚೂರು ಜಗ್ಗಿದರು. ಕನ್ನಡಿಯಲ್ಲಿ ನೋಡಿದರೆ ಯಾರೋ ದೊಡ್ಡ ಮನೆಯ ಯಜಮಾನಿ ನಿಂತಿದ್ದ ಹಾಗಿತ್ತು.

ಕಂಪನಿಯಲ್ಲಿ ನಿನ್ನ ಕೆಲಸವೇನು ಎಂದು ಆಕೆ ಕೇಳಿದರು. ಹೇಳಿದೆ. "ಹಾಗಾದರೆ ಆ ಹುಡುಗ?" ಎಂದರು. ನಾನು ನಡುಪಟ್ಟಿ ಸರಿಮಾಡಿಕೊಂಡೆ. ಅವರೂ ಮತ್ತೆ ಕೇಳಲಿಲ್ಲ. ಗಂಡನ ಕಂಪನಿಯ ವಿಷಯದಲ್ಲಿ ಬಾಯಿ ಹಾಕುವ ಪದ್ಧತಿ ಅವರಲ್ಲೂ ಇಲ್ಲವೆಂದು ಕಾಣುತ್ತದೆ.

ಫೋಟೋಗ್ರಾಫರ್ ಸ್ಮೈಲ್ ಎಂದ. ನಗಲಿಲ್ಲ. ಅವನು ಸುಮ್ಮನೆ ತೆಗೆದುಕೊಂಡ.

ನವೆಂಬರ್ 13, ಶುಕ್ರವಾರ

ಶಮೀಮಾಳ ಮಗಳು ಹುಮೈರಗೆ ಕಾಮರ್ಸ್ ಪಾಠ ಅರ್ಥವಾಗುವುದಿಲ್ಲವೆಂದು ಹೋಗಿ ಹೇಳಿಕೊಟ್ಟು ಬಂದೆ. ಬಿಂದುವೂ ಬಂದಿದ್ದಳು. ರಾಜಕುಮಾರಿಯ ಗೌನು ಹಾಕಿಕೊಂಡು ಕೂತಳು. ಶಮೀಮಾ ಮೀನು ಬೇಯಿಸಿದ್ದಳು, ನಮಗೆ ಬೇರೆ ಪಾತ್ರೆಯಲ್ಲಿ ತರಕಾರಿ ಮಾಡಿಟ್ಟಿದ್ದಳು. ಉಪ್ಪು ಜಾಸ್ತಿ.

ನವೆಂಬರ್ 22, ಭಾನುವಾರ

ಬ್ರೋಶರ್ ಬಂತು.

ಯುಜಿನ್‌ಗೆ ಪೂರ್ತಿ ಪುಟ. ಹೆಸರು, ಅದರ ಕೆಳಗೆ ಡಾಕ್ಯುಮೆಂಟೇಶನ್ ಮ್ಯಾನೇಜರ್ ಎಂದು. ಬರೀ ಫೋಟೋಕ್ಕೆ!

ಮೊದಲ ಪುಟದಲ್ಲಿ ನಾನು. ಚೆನ್ನಾಗಿಯೇ ಬಂದಿದೆ, ಸುಳ್ಳು ಯಾಕೆ ಹೇಳಲಿ. ಕೆಳಗೆ "ಅರಬರ ನೆಲದಲ್ಲಿ ಜಪಾನಿನ ಆತಿಥ್ಯ" ಎಂದು ಇಂಗ್ಲಿಷಿನಲ್ಲಿ, ಅರಬ್ಬಿಯಲ್ಲಿ, ಜಪಾನಿಯಲ್ಲಿ. ಹೆಸರು ಯಾವ ಭಾಷೆಯಲ್ಲೂ ಇಲ್ಲ. ಗೋದಾಮಿನ ಪುಟ ತಿರುವಿದರೆ ಅಲ್ಲೊಂದು ಫೋರ್ಕ್‌ಲಿಫ್ಟ್ ಗಾಡಿಯ ಚಿತ್ರ, ಅದರ ಮಾಡೆಲ್ ನಂಬರು ಕೂಡ ಅಚ್ಚಾಗಿದೆ.

"ಜಾಗ ಇರ್ಲಿಲ್ಲ ಮಾರಾಯ್ರೆ. ಡಿಸೈನಿನವರು ತೆಗೆದದ್ದು" ಎಂದರು ಜುವಾಕಿಂ. ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

ಒಂದು ಪ್ರತಿ ಮನೆಗೆ ತಂದೆ. ಬಿಂದು ನೋಡಿ, "ಅಮ್ಮ, ಯೂ ಲುಕ್ ಲೈಕ್ ಎ ಕ್ವೀನ್" ಎಂದಳು. ಆಮೇಲೆ ಕೆಳಗೆ, ಮೇಲೆ, ಹಿಂದಿನ ಪುಟದಲ್ಲಿ ಎಲ್ಲ ಹುಡುಕಿ, "ಬಟ್ ವೇರ್ ಈಸ್ ಯುವರ್ ನೇಮ್?" ಎಂದಳು. ರಘು ಕೈಗೆ ತೆಗೆದುಕೊಂಡು ನೋಡಿದರು. ಹೋಗ್ಲಿ ಬಿಡೇ ಎಂದಿದ್ದರೆ ಕೊಂದೇಬಿಡುತ್ತಿದ್ದೆ. ಎನ್ನಲಿಲ್ಲ. "ಹಾಕ್ತೀನಿ ಅಂದಿದ್ರಲ್ವೇನೇ?" ಎಂದರು, ಮೆಲ್ಲಗೆ.

ನವೆಂಬರ್ 25, ಬುಧವಾರ

ಬ್ರೋಶರುಗಳನ್ನೆಲ್ಲ ಗಿರಾಕಿಗಳಿಗೆ ಕಳಿಸುವ ಕೆಲಸ ಯಾರದು? ಡಾಕ್ಯುಮೆಂಟೇಶನ್ ವಿಭಾಗದ್ದು. ಎಂದರೆ ನನ್ನದು. ಡಿಸೆಂಬರ್ ಎರಡರ ಇಲ್ಲಿಯ ರಾಷ್ಟ್ರೀಯ ದಿನದ ರಜೆಗೆ ಮುಂಚೆ ಎಲ್ಲ ಕಡೆ ತಲುಪಬೇಕಂತೆ. ಪೆಟ್ಟಿಗೆಗಳನ್ನು ತಂದು ನನ್ನ ಮೇಜಿನ ಸುತ್ತ ಒಟ್ಟಿದರು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಸರಕಿನ ಕಾಗದದಲ್ಲಿ ಹೆಸರು ತಪ್ಪಿದ್ದರೆ, ಬಿಟ್ಟುಹೋಗಿದ್ದರೆ, ಕಾಗದ ಹರಿದು ಹಾಕುವುದಿಲ್ಲ. ಸರಿಯಾದ ಹೆಸರನ್ನು ಮಸಿಯಲ್ಲಿ ಬರೆದು, ಪಕ್ಕದಲ್ಲಿ "ತಿದ್ದುಪಡಿ ಮಾಡಲಾಗಿದೆ" ಎಂಬ ರಬ್ಬರ್ ಸ್ಟ್ಯಾಂಪು ಒತ್ತಿ, ಇನಿಶಿಯಲ್ ಹಾಕಿ ಕಳಿಸುತ್ತೇವೆ. ಜಗತ್ತಿನ ಎಲ್ಲ ಬಂದರಿನವರೂ ಒಪ್ಪುತ್ತಾರೆ.

ಮೊದಲ ಪ್ರತಿ ತೆಗೆದು, ನನ್ನ ಫೋಟೋದ ಕೆಳಗೆ ಬರೆದೆ: ಚಾಮುಂಡೇಶ್ವರಿ ರಘುನಂದನ, ಡಾಕ್ಯುಮೆಂಟೇಶನ್. ಮ್ಯಾನೇಜರ್ ಎಂದು ಸೇರಿಸಲು ಕೈ ತುರಿಸಿತು. ಸೇರಿಸಲಿಲ್ಲ, ಇಲ್ಲದ್ದನ್ನು ಬರೆಯುವುದು ನನ್ನ ಕೆಲಸವಲ್ಲ. ಸ್ಟ್ಯಾಂಪು ಒತ್ತಿದೆ. ಇನ್ನೊಂದು ತೆಗೆದೆ.

ನಿನ್ನೆ ಪೂರ್ತಿ ಅದೇ ಕೆಲಸ, ಇವತ್ತೂ ಅದೇ. ಮಧ್ಯಾಹ್ನ ಯುಜಿನ್ ಬಂದು ನಿಂತ. "ಮೇಡಂ, ಇದು ಎಂತ ಮಾಡುದು ನೀವು?"

"ತಿದ್ದುಪಡಿ."

"ಅಂಕಲ್ ನೋಡಿದ್ರೆ?"

"ನೋಡ್ಲಿ. ಒಂದಕ್ಷರ ಸುಳ್ಳಿದ್ರೆ ಹೇಳು, ನಿಲ್ಲಿಸ್ತೀನಿ."

ಅವನು ಓದಿದ. ಹೊರಟುಹೋದ. ಚಾಡಿ ಹೇಳಲು ಹೋದ ಎಂದುಕೊಂಡು ಬೇಗ ಬೇಗ ಒತ್ತತೊಡಗಿದೆ. ಸ್ವಲ್ಪ ಹೊತ್ತಿಗೆ ವಾಪಸು ಬಂದು, ಮೇಜಿನ ಮೇಲೆ ಹೊಸ ಮಸಿ ಪ್ಯಾಡು ಇಟ್ಟ. "ನಿಮ್ಮದು ಒಣಗಿದೆ. ಸ್ಟ್ಯಾಂಪು ಸರಿ ಕಾಣುದಿಲ್ಲ" ಎಂದು ಹೇಳಿ ಹೋದ. ಇಷ್ಟು ದಿನ ಅವನ ಮೇಲೆ ಕಾರಿದ್ದಕ್ಕೆ ಲೆಕ್ಕವಿಲ್ಲ. ಕುರ್ಚಿಯನ್ನು ಅವನು ಕೇಳಿ ಕೂತದ್ದಲ್ಲ, ಹೊತ್ತು ಕೂರಿಸಿದ್ದು.

ಐದು ಗಂಟೆಯ ಕೊರಿಯರಿಗೆ ಎಲ್ಲ ಹೋಯಿತು.

ನವೆಂಬರ್ 29, ಭಾನುವಾರ

ಬಹರೇನಿನ ಗಿರಾಕಿಯೊಬ್ಬರು ಎಂ.ಡಿ.ಗೆ ಫೋನು ಮಾಡಿ, ಹೆಸರಿನ ಪಕ್ಕದ ಸ್ಟ್ಯಾಂಪು ಏನೆಂದು ಕೇಳಿದರಂತೆ. ಅಲ್ಲಿಂದ ಶುರುವಾಯಿತು. ಜುವಾಕಿಂ ಎಲ್ಲರೆದುರು ಕಿರುಚಿದರು. ಕಂಪನಿಯ ಮಾನ ಹರಾಜು ಹಾಕಿದ್ದೇನಂತೆ. ನಾನು ಕೂತೇ ಕೇಳಿದೆ.

ಆಮೇಲೆ ಕ್ಯಾಬಿನಿಗೆ ಕರೆದು ದನಿ ಇಳಿಸಿದರು. "ನೋಡಿ, ನಾವು ಒಂದೇ ರಾಜ್ಯದವರು. ತಪ್ಪಾಯ್ತು ಅಂತ ಎರಡು ಲೈನ್ ಬರೆದು ಕೊಡಿ. ಎಂ.ಡಿ.ಯನ್ನು ನಾನು ನೋಡ್ಕೊಳ್ತೇನೆ. ಕೆಲಸ ಉಳೀತದೆ."

ನನ್ನ ಮೇಜಿಗೆ ಬಂದು ಟೈಪು ಮಾಡಿದೆ. ಎರಡೇ ಸಾಲು. "ಬ್ರೋಶರಿನಲ್ಲಿ ತಪ್ಪಾಗಿತ್ತು. ತಿದ್ದಿದ್ದೇನೆ." ಕೆಳಗೆ ಪೂರ್ತಿ ಹೆಸರು. ಕೊಟ್ಟೆ.

ಓದಿ ಅವರ ಕಿವಿ ಕೆಂಪಾಯಿತು. "ಹಾಗಾದ್ರೆ ನಾಳೆಯಿಂದ ಬರುದು ಬೇಡ. ಖಲಾಸ್" ಎಂದರು.

"ಹೆಸ್ರು ಹಾಕಿಸ್ತೀನಿ ಅಂತ ಮಾತು ಕೊಟ್ಟು ತಪ್ಪಿದ್ದು ನೀವು ಸರ್. ನಾನಲ್ಲ" ಎಂದೆ. ಕೂಗಲಿಲ್ಲ, ಸಾಧಾರಣ ದನಿಯಲ್ಲೇ ಹೇಳಿದೆ. ಗಂಟಲು ಕೆಟ್ಟಿತ್ತೇನೋ.

ಮನೆಗೆ ಬಂದು ರಘುಗೆ ಹೇಳಿದೆ. ತಿಂಗಳ ಖರ್ಚು ಹೇಗೆ, ಬಿಂದು ಶಾಲೆ ಹೇಗೆ ಎಂದು ಶುರು ಮಾಡುತ್ತಾರೆ ಎಂದುಕೊಂಡಿದ್ದೆ. "ನಾಳೆ ಬೆಳಿಗ್ಗೆ ನಿಧಾನ ಏಳೇ. ತಿಂಡಿ ನಾನು ಮಾಡ್ತೀನಿ" ಎಂದರು. ಉಪ್ಪಿಟ್ಟು ಬಿಟ್ಟರೆ ಅವರಿಗೆ ಬೇರೇನು ಬರುತ್ತದೆ?

ಡಿಸೆಂಬರ್ 1, ಮಂಗಳವಾರ

ಬೆಳಿಗ್ಗೆ ಯುಜಿನ್ ಫೋನು ಮಾಡಿದ. ಗಾಬರಿಯಲ್ಲಿದ್ದ.

"ಮೇಡಂ, ಬ್ಯಾಂಕಿನವರು ಪೇಪರೆಲ್ಲ ವಾಪಸ್ ಕಳಿಸಿದ್ರು. ನನ್ನ ಸೈನ್ ನಡೆಯುದಿಲ್ಲಂತೆ. ಅವರ ಹತ್ರ ಇರುದು ನಿಮ್ಮ ಸೈನ್ ಒಂದೇ ಅಂತೆ."

ಹೌದಲ್ಲ! ಬ್ಯಾಂಕು ಕಾಗದ ಒಪ್ಪಿದ ಮೇಲೆಯೇ ಸರಕು ಹೊರಡುವುದು, ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಮುನಿಸ್ವಾಮಿ ಸರ್ ಹೋದಾಗ ಅವರ ಜಾಗಕ್ಕೆ ನನ್ನ ಸಹಿಯ ಮಾದರಿಯನ್ನು ಬ್ಯಾಂಕಿಗೆ ಕೊಟ್ಟಿದ್ದರು. ಆಮೇಲೆ ಯಾರೂ ಬದಲಾಯಿಸಿಲ್ಲ. ಹುಡುಗನಿಗೆ ಫೋಟೋಕ್ಕೆಂದು ಟೈ ಕಟ್ಟಿಸಿದರು, ಬ್ಯಾಂಕಿಗೆ ಒಂದು ಸಹಿ ಕೊಡಿಸುವುದನ್ನು ಮರೆತರು. ನನಗೂ ಹೊಳೆದಿರಲಿಲ್ಲ.

ಜುವಾಕಿಂ ಫೋನು ಕಸಿದುಕೊಂಡರು. "ಚಾಮುಂಡೇಶ್ವರಿಯವ್ರೆ, ನಾಳೆ ರಜೆ, ಹಡಗು ನಿಂತುಂಟು. ಕಾರು ಕಳಿಸ್ತೇನೆ, ಬಂದು ಸೈನ್ ಹಾಕಿ ಹೋಗಿ ಮಾರಾಯ್ರೆ. ಆದದ್ದು ಆಯ್ತು."

"ನಾನು ಕೆಲಸದಲ್ಲಿಲ್ಲ ಸರ್. ಕೆಲಸದಲ್ಲಿಲ್ಲದವ್ಳು ಹೇಗೆ ಸಹಿ ಹಾಕೋದು? ನೇಮಕದ ಪತ್ರ ಕಳಿಸಿ."

"ಪತ್ರವಾ? ಎಂತ ಅಂತ ಬರೆಯುದು?"

"ಆ ಕಾಗದಕ್ಕೆ ಯಾವ ಹುದ್ದೆಯವ್ರು ಸಹಿ ಹಾಕಬೇಕೋ ಆ ಹುದ್ದೆ ಬರೀರಿ. ಎಂ.ಡಿ. ಸಹಿ ಇರ್ಬೇಕು. ಯುಜಿನ್‌ನ ಕೆಲಸದಿಂದ ತೆಗೀಬೇಡಿ, ಅಲ್ಲೇ ಇರಲಿ, ಕೆಲಸ ಕಲೀಲಿ."

ಅಷ್ಟು ಹೇಳಿ ನಾನೇ ಫೋನಿಟ್ಟೆ. ಶಮೀಮಾಗೆ ಫೋನು ಮಾಡಿ ಹೇಳಿದರೆ ಅವಳು ಆ ಕಡೆಯಿಂದ ಕೂಗಿದ ಕೂಗಿಗೆ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ.

ಬರೆಯುತ್ತಿರುವಾಗಲೇ ಕೆಳಗೆ ಕಂಪನಿಯ ಕಾರು ಬಂದು ನಿಂತಿತು. ಈಗ ಬೆಲ್ಲು ಹೊಡೆಯುತ್ತಿದೆ. ಡ್ರೈವರನ ಕೈಯಲ್ಲಿ ಪತ್ರವಿದೆಯೋ ಇಲ್ಲವೋ ಕಿಟಕಿಯಿಂದ ಕಾಣಲಿಲ್ಲ. ಇದ್ದರೆ ಒಂದೊಂದಕ್ಷರವನ್ನೂ ಓದಿ ನೋಡಿ ಹೋಗುತ್ತೇನೆ. ಇಲ್ಲದಿದ್ದರೆ ಡ್ರೈವರನಿಗೆ ಒಂದು ಲೋಟ ಕಾಫಿ ಕೊಟ್ಟು ವಾಪಸು ಕಳಿಸುತ್ತೇನೆ. ಪಾಪ, ಜೆಬೆಲ್ ಅಲಿಯಿಂದ ಇಷ್ಟು ದೂರ ಬಂದಿದ್ದಾನೆ, ಅವನದೇನು ತಪ್ಪು.